ನಾಮಪದವನ್ನು ಬಿಡಿಸುವ ಬಗೆ

‘ರಾಯಚೂರು’ ಎಂಬುದನ್ನು ‘ರಾಯ’, ‘ಚೂರು’ ಎಂದು ಬಿಡಿಸುವ ವಿದ್ಯಾರ್ಥಿಗಳುಂಟು. ಊರಿಗೆ ಊರೇ ಚೂರಾಗಿಬಿಡುತ್ತದೆ! ಇಲ್ಲಿಯ ಉತ್ತರಪದ ‘ಊರು’. ಅದರ ಆದಿಸ್ವರವು ‘ಚೂ’ ಎಂಬ ಅಕ್ಷರದೊಳಗೆ ಅಡಗಿದೆ. ಉಚ್ಚಾರದಲ್ಲಿ ಕೇಳುವ ಅಕ್ಷರದ ಎಲ್ಲೆ ಬೇರೆ, ಅರ್ಥದ ಎಲ್ಲೆ ಬೇರೆ. ‘ದೇವದುರ್ಗ’ದಲ್ಲಿ ಇವೆರಡೂ ಒಂದೆಡೆ ಬೀಳುವುದರಿಂದ ಸಮಾಸವು ಸುಲಭವಾಗಿ ಬಿಡುತ್ತದೆ. ‘ಮಾನ್ವಿ’ಯನ್ನು ಬಲವಂತದಿಂದ ಒಡೆಯದಿರುವುದೇ ಲೇಸು, ‘ಮಾನ್ವಿಯಲ್ಲಿ’ ಎಂಬಲ್ಲಿಯ ಯಕಾರವಾದರೋ ಪ್ರಕೃತಿಗೂ ಪ್ರತ್ಯಯಕ್ಕೂ ಸೇರದ ಆಗಮ.

ತದ್ಧಿತಾಂತಗಳಲ್ಲಿ ಈ ಎಚ್ಚರ ಇನ್ನೂ ಅಗತ್ಯ. ‘ಒಕ್ಕಲು’ ಎಂಬ ಪ್ರಕೃತಿಗೆ ‘ಇಗ’ ಪ್ರತ್ಯಯ ಹತ್ತಿದಾಗ ಉಕಾರ ಲೋಪವಾಗಿ ‘ಒಕ್ಕಲಿಗ’ನಾಗುತ್ತಾನೆ. ‘ಲಿ’ಯಲ್ಲಿಯ ಲಕಾರ ಪ್ರಕೃತಿಯದು, ಇಕಾರ ಪ್ರತ್ಯಯದ್ದು. ನಮ್ಮ ಭಾಗದ ರೈತರ ಮಾತಾದ ‘ಒಕ್ಕಲುತನ’ದಲ್ಲಿ ಪ್ರತ್ಯಯವು ವ್ಯಂಜನಾದಿಯಾದ್ದರಿಂದ ಉಕಾರ ಉಳಿಯಿತು. ‘ಲಿಂಗವಂತ’ ಎಂಬಲ್ಲಿಯೂ ಪ್ರಕೃತಿಗೆ ಕುಂದಿಲ್ಲ.

ದೂರದ ಸ್ವೀಡಿಷ್ ಭಾಷೆಯ ನಡೆಯೂ ಇದೇ. ವೈದ್ಯನನ್ನು ಅವರು ‘ಲೇಕರೆ’ ಎನ್ನುವರು: ಉಚ್ಚಾರದಲ್ಲಿ ಲೇ-ಕ-ರೆ, ವ್ಯಾಕರಣದಲ್ಲಿ ‘ಲೇಕ್’ ಮತ್ತು ‘ಅರೆ’. ಸಮಾಸದಲ್ಲಿ ಅವರಿಗೂ ಉತ್ತರಪದವೇ ಪ್ರಧಾನ. ರೈಲುಮಾರ್ಗವು ಅವರಿಗೆ ‘ಯೆರ್ನ್‌ವೇಗ್’, ಎಂದರೆ ಕಬ್ಬಿಣದಾರಿ. 1871ರಲ್ಲಿ ಮುಂಬಯಿ, ಮದರಾಸು ಕಡೆಯ ಹಳಿಗಳು ರಾಯಚೂರಿನಲ್ಲಿ ಕೂಡಿದವು. ಕನ್ನಡವು ದಾರಿಗಿಂತ ಗಾಡಿಯನ್ನೇ ನೋಡಿ ‘ಉಗಿಬಂಡಿ’ ಎಂದಿತು.