ಮಧ್ಯಾಹ್ನದ ಎಲೆ, ಮುದುಕಿಯ ಕಣ್ಣು

ಒಟ್ಟಿಗೆ ಕುಳಿತು ಉಂಡವರು ಒಟ್ಟಿಗೆ ದುಡಿಯಬಲ್ಲರು. ವಾರಕ್ಕೊಮ್ಮೆ ಮಧ್ಯಾಹ್ನದ ಭೋಜನಕ್ಕೆ ಸೇರುವ ಸೇವಾಸಂಸ್ಥೆಗಳ ಮೂಲತತ್ತ್ವವಿದು. 1905ರಲ್ಲಿ ಷಿಕಾಗೋ ನಗರದ ವಕೀಲ ಪಾಲ್ ಹ್ಯಾರಿಸ್ ಮೂವರು ಗೆಳೆಯರೊಡನೆ ಆರಂಭಿಸಿದ ಕೂಟವು ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದುದರಿಂದಲೇ ‘ರೋಟರಿ’ ಎನಿಸಿಕೊಂಡಿತು. 1917ರಲ್ಲಿ ಅದೇ ನಗರದಲ್ಲಿ ಲಯನ್ಸ್ ಸಂಸ್ಥೆ ಹುಟ್ಟಿತು. 1925ರಲ್ಲಿ ಹೆಲೆನ್ ಕೆಲ್ಲರ್ ಅದರ ಸಮ್ಮೇಳನಕ್ಕೆ ಬಂದು, ಅಂಧರ ಪರವಾಗಿ ಹೋರಾಡುವ ವೀರರಾಗಿರೆಂದು ಕೇಳಿಕೊಂಡರು. ಅಂದಿನಿಂದ ನೇತ್ರಸೇವೆ ಆ ಸಂಸ್ಥೆಯ ವ್ರತವಾಯಿತು.

ನಂಜನಗೂಡಿಗೆ ಈ ವ್ರತ ಹೊಸದಲ್ಲ. ಟಿಪ್ಪುಸುಲ್ತಾನನ ಪಟ್ಟದಾನೆಯ ಕಣ್ಣುಬೇನೆ ಶ್ರೀಕಂಠೇಶ್ವರನ ಕೃಪೆಯಿಂದ ವಾಸಿಯಾಯಿತೆಂದೂ, ಸುಲ್ತಾನನು ಸ್ವಾಮಿಯನ್ನು ‘ಹಕೀಮ್ ನಂಜುಂಡ’ನೆಂದು ಕರೆದು ಪಚ್ಚೆಯ ಲಿಂಗವನ್ನು ಅರ್ಪಿಸಿದನೆಂದೂ ಪ್ರತೀತಿ.

ಕಪಿಲೆಯ ದಡದ ಈ ಊರಿನಿಂದ, ಆ ಹೊಳೆ ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದವರೆಗೆ ಹಬ್ಬಿರುವ ಹಳ್ಳಿಗಳಲ್ಲಿ ಕಣ್ಣಿಗೆ ಪೊರೆ ಬಂದ ಮುದುಕಿಗೆ ಚಿಕಿತ್ಸೆಯೇ ಇಲ್ಲವೆಂದಲ್ಲ. ಮಸುಕಾದ ಮಸೂರವನ್ನು ತೆಗೆದು ಕೃತಕ ಮಸೂರವನ್ನಿಡುವುದು ಇಂದು ಅಲ್ಪಕಾಲದ ಕೆಲಸ. ಕಷ್ಟವಿರುವುದು ಬೇರೆಡೆ. ಅವಳನ್ನು ಕರೆತರುವವರಾರು? ಮಗನ ಒಂದು ದಿನದ ಕೂಲಿ ತಪ್ಪಿದರೆ ಮನೆಯ ಒಲೆ ಉರಿಯುವುದೆ? ಮನೆಗೆ ಮರಳಿದ ಮೇಲೆ ವಾರಗಟ್ಟಲೆ ತಪ್ಪದೆ ಕಣ್ಣಿಗೆ ಔಷಧ ಹಾಕುವವರಾರು?

ಶಿಬಿರದ ದಿನ ಹಾರ, ಭಾಷಣ, ಛಾಯಾಚಿತ್ರಗಳಿಗೆ ಕೊರತೆಯಾಗದು. ಆದರೆ ಸೇವೆಯ ಲೆಕ್ಕ ತೀರುವುದು ಅನಂತರದ ವಾರಗಳಲ್ಲಿ. ಪ್ರತಿ ವಾರವೂ ಸೇರುವವರಿಗೆ ಪ್ರತಿ ವಾರವೂ ವಿಚಾರಿಸುವ ಅನುಕೂಲವುಂಟು. ಊಟದ ಎಲೆಯ ಮುಂದೆ “ಆ ಅಜ್ಜಿಗೆ ಈಗ ಕಣ್ಣು ಕಾಣುತ್ತಿದೆಯೇ?” ಎಂದು ಒಬ್ಬರು ಕೇಳಿ, ಇನ್ನೊಬ್ಬರು ಹೋಗಿ ಕಂಡುಬಂದು ಉತ್ತರ ಹೇಳುವಂತಾದರೆ ಆ ಭೋಜನ ಸಾರ್ಥಕ.