ಜಮಖಂಡಿಯ ದಾರಿಗೆ ಎಷ್ಟು ಸೈಕಲ್ ಬೇಕು?

ಸೈಕಲ್ ಹುಚ್ಚು ಹಿಡಿದವರಲ್ಲಿ ಒಂದು ಲೆಕ್ಕ ಓಡಾಡುತ್ತದೆ: ಈಗಿರುವುದಕ್ಕೆ ಇನ್ನೊಂದು ಕೂಡಿಸಿದರೆ ಬೇಕಾದ ಸಂಖ್ಯೆ ಸಿಕ್ಕಿತು. ನಾನು ಇದನ್ನು ಒಪ್ಪುವುದಿಲ್ಲ. ಮೊದಲು ನೀವು ತುಳಿಯುವ ದಾರಿಗಳನ್ನು ಎಣಿಸಿ.

ಜಮಖಂಡಿಯ ಬಳಿ ಕೃಷ್ಣಾ ನದಿಗೆ ಅಡ್ಡಲಾಗಿ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು 1989ರಲ್ಲಿ ಕಟ್ಟಿದ ಚಿಕ್ಕಪಡಸಲಗಿ ಬ್ಯಾರೇಜ್ ನೋಡಲು ಹೊರಟಿರೆನ್ನಿ. ಡಾಂಬರಿನ ಮೇಲೆ 25 ಮಿ.ಮೀ. ಅಗಲದ ಟೈರು ಹಗುರವಾಗಿ ಓಡುತ್ತದೆ. ಆದರೆ ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರ್ ಎದುರಾದಾಗ ಸೈಕಲ್ಲಿನವರು ರಸ್ತೆ ಬಿಟ್ಟು ಇಳಿಯಲೇಬೇಕು. ರಸ್ತೆಯಂಚಿನಲ್ಲಿ ಕಾದಿರುವುದು ಚೂಪುಗಲ್ಲು, ಜಾಲಿಮುಳ್ಳು. ತೆಳ್ಳನೆಯ ಟೈರಿನಲ್ಲಿ ಗಾಳಿ ಸ್ವಲ್ಪ ಕಡಿಮೆಯಿದ್ದರೂ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಹರಿಯುತ್ತದೆ. 35ರಿಂದ 40 ಮಿ.ಮೀ. ಟೈರಿಗೆ ಈ ಪೆಟ್ಟು ತಡೆಯುವ ಶಕ್ತಿಯಿದೆ; ಹೊಲದ ದಾರಿಗೂ ಅದು ಆಗುತ್ತದೆ.

ಆದ್ದರಿಂದ ಅಂಗಡಿಯಲ್ಲಿ ಬಣ್ಣ, ಗೇರು ನೋಡುವ ಮೊದಲು ಟೈರಿಗೂ ಫೋರ್ಕಿಗೂ ನಡುವೆ ಎಷ್ಟು ಜಾಗವಿದೆ ನೋಡಿ. 40 ಮಿ.ಮೀ. ಟೈರು ಹಿಡಿಸುವ ಫ್ರೇಮಿಗೆ 28ರದ್ದನ್ನೂ ಹಾಕಬಹುದು. ಒಂದು ಸೈಕಲ್, ಎರಡು ಜೋಡಿ ಟೈರು: ಎರಡು ಸೈಕಲ್ಲಿನ ಕೆಲಸ. ಮಳೆಗೆ ನೆನೆದ ಎರೆಮಣ್ಣಿಗೆ ಮಾತ್ರ ಯಾವ ಟೈರೂ ಸಾಲದು. ಅದು ಗಾಲಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಕೊನೆಗೆ ಗಾಲಿಯನ್ನೇ ಹಿಡಿದುಬಿಡುತ್ತದೆ. ಅಂಥ ದಿನ ಹೊಲದ ಕಡೆ ಹೋಗಬೇಡಿ.

ಸಂತೆಗೆ, ಹಿಟ್ಟಿನ ಗಿರಣಿಗೆ ಬೇರೆಯದು ಬೇಕು, ಕ್ಯಾರಿಯರ್ ಮತ್ತು ಗಟ್ಟಿ ಸ್ಟ್ಯಾಂಡ್ ಇರುವಂಥದ್ದು. ಇದನ್ನು ಹೊಸದಾಗಿ ಕೊಳ್ಳುವ ಮುಂಚೆ ಹಿತ್ತಲು ನೋಡಿ. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ಲು ಅಲ್ಲಿ ಒರಗಿ ನಿಂತಿದ್ದರೆ, ಟೈರು, ಟ್ಯೂಬು, ಬ್ರೇಕ್ ರಬ್ಬರು ಬದಲಿಸಿದರೆ ಸಾಕು.

ನನ್ನ ಲೆಕ್ಕ ಎರಡಕ್ಕೇ ನಿಲ್ಲುತ್ತದೆ. ರಾಜ್ಯಕ್ಕೆ ಎಷ್ಟೋ ಸೈಕ್ಲಿಸ್ಟರನ್ನು ಕೊಟ್ಟ ವಿಜಯಪುರ, ಬಾಗಲಕೋಟೆ ಸೀಮೆಯಲ್ಲಿ ಸ್ಪರ್ಧೆಗೆ ಇಳಿಯುವ ಮಕ್ಕಳಿದ್ದರೆ ಮಾತು ಬೇರೆ. ಅವರಿಗೆ ರೇಸಿನದ್ದು ಪ್ರತ್ಯೇಕವಾಗಿರಲಿ. ದಿನದ ತಾಲೀಮಿನ ಸವೆತ ಅದಕ್ಕೆ ತಟ್ಟಬಾರದು. ಟ್ರ್ಯಾಕ್ ಸೈಕಲ್ಲಿಗೆ ಫ್ರೀವ್ಹೀಲೂ ಇಲ್ಲ, ಬ್ರೇಕೂ ಇಲ್ಲ. ಗಾಲಿ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ. ಅದನ್ನು ದಯವಿಟ್ಟು ಊರಿನ ರಸ್ತೆಗೆ ತರಬೇಡಿ.

ಮನೆಯಲ್ಲಿ ಈಗಾಗಲೇ ಮೂರು ನಾಲ್ಕು ಇದ್ದರೆ, ಯಾವುದು ಬೇಕು ಯಾವುದು ಬೇಡ ಎಂದು ತಿಳಿಯಲು ಶಾಲೆಯ ಅಡಿಪಟ್ಟಿ ತನ್ನಿ. ಚೈನಿನ 24 ಕೊಂಡಿಗಳು ಹೊಸದರಲ್ಲಿ ಸರಿಯಾಗಿ 12 ಇಂಚು. 1/16 ಇಂಚು ಹೆಚ್ಚಾಗಿದ್ದರೆ ಚೈನು ಬದಲಿಸಿ. 1/8 ಆಗುವವರೆಗೆ ಬಿಟ್ಟರೆ ಹಿಂದಿನ ಹಲ್ಲುಚಕ್ರವೂ ಸವೆದು ಅದರ ಖರ್ಚೂ ಮೈಮೇಲೆ ಬರುತ್ತದೆ. ಆರಾರು ತಿಂಗಳಿಗೆ ಅಳೆದು ಬರೆದಿಡಿ. ವರ್ಷವಾದರೂ ಅಳತೆ ಕದಲದೆ, ಚೈನಿಗೆ ತುಕ್ಕು ಹಿಡಿದು, ಟೈರು ಬಿಸಿಲಿಗೆ ಸೀಳುಬಿಟ್ಟ ಸೈಕಲ್ಲು ಯಾವುದೋ, ಅದನ್ನು ತುಳಿಯುವವರ ಕೈಗೆ ಕೊಟ್ಟುಬಿಡಿ.