ಬೇತಾಳನ ಪ್ರಶ್ನೆಯೂ ಮನೆಯ ಪುಸ್ತಕದ ಕಪಾಟೂ

ಭಯಾನಕವೂ ನವರಸಗಳಲ್ಲಿ ಒಂದು. ಆಲಂಕಾರಿಕರು ಅದನ್ನು ಶೃಂಗಾರ, ವೀರಗಳ ಪಂಕ್ತಿಯಲ್ಲಿಯೇ ಕೂರಿಸಿದ್ದಾರೆ. ಆದುದರಿಂದ ದೆವ್ವದ ಕಥೆಯೆಂದೊಡನೆ ಮೂಗು ಮುರಿಯುವವರ ಮಾತನ್ನು ನಾವು ಒಪ್ಪುವುದಿಲ್ಲ. ಇಂಥ ಕಥೆಗಳನ್ನು ನಾವು ಬಹುಕಾಲದಿಂದ ಪ್ರೀತಿಯಿಂದಲೇ ಓದುತ್ತ ಬಂದಿದ್ದೇವೆ. ಆದರೆ ಹೆದರಿಸಿ ಅಲ್ಲಿಗೇ ಬಿಡುವ ಕಥೆ ಬೇರೆ; ಹೆದರಿಕೆಯ ಹಾದಿಯಲ್ಲಿ ವಿವೇಕದ ಬಾಗಿಲಿಗೆ ಕರೆದೊಯ್ಯುವ ಕಥೆ ಬೇರೆ. ಮನೆಯಲ್ಲಿ ಯಾವುದಕ್ಕೆ ಸ್ಥಾನವೆಂಬುದು ವಿಚಾರಾರ್ಹ.

1897ರಲ್ಲಿ ಪ್ರಕಟವಾದ ಬ್ರಾಮ್ ಸ್ಟೋಕರನ ‘ಡ್ರಾಕುಲಾ’ ದಿನಚರಿ ಮತ್ತು ಪತ್ರಗಳ ರೂಪದಲ್ಲಿದೆ. ಒಬ್ಬೊಬ್ಬರು ಬಲ್ಲದ್ದನ್ನು ಎಲ್ಲರೂ ಹಂಚಿಕೊಂಡಾಗಲೇ ಅಲ್ಲಿ ಕೇಡು ಸೋಲುತ್ತದೆ. ಅದರ ಹಿರಿಮೆ ಇದೇ. ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ತೆಲುಗಿನಿಂದ ಕನ್ನಡಕ್ಕೆ ಬಂದು, 1985ರಲ್ಲಿ ಚಲನಚಿತ್ರವೂ ಆಯಿತು. ಪುಟ್ಟ ಬಾಲಕಿಯ ಮೇಲಿನ ಮಾಟದ ಆ ಕಥೆ ಓದುಗರನ್ನು ಹಿಡಿದಿಡುವುದು ನಿಜ. ಆದರೆ ಮಗುವಿಗೆ ಜ್ವರ ಬಂದರೆ ವೈದ್ಯರಿಗಿಂತ ಮೊದಲು ಮಂತ್ರವಾದಿಯನ್ನು ನೆನೆಯುವ ಮನೆಗಳು ಇನ್ನೂ ಇರುವಾಗ, ಅದನ್ನು ಕಥೆಯೆಂದೇ ಓದಬೇಕೆಂದು ಹಿರಿಯರು ಕಿರಿಯರಿಗೆ ತಿಳಿಯಹೇಳುವುದು ಒಳಿತು.

ಇವೆರಡಕ್ಕಿಂತಲೂ ನಮಗೆ ಮೇಲೆನಿಸುವುದು ನಮ್ಮ ಬೇತಾಳನೇ. 11ನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ‘ಕಥಾಸರಿತ್ಸಾಗರ’ದಲ್ಲಿ ಬೇತಾಳನ ಕಥೆಗಳನ್ನು ಸೇರಿಸಿದನು. ಸ್ಮಶಾನ, ಇರುಳು, ಹೆಗಲ ಮೇಲೆ ಹೆಣ! ಇಷ್ಟೆಲ್ಲ ಭಯದ ನಡುವೆ ಹೆಣವು ರಾಜನನ್ನು ಕೇಳುವುದಾದರೂ ಏನು? ನ್ಯಾಯ ಯಾರ ಕಡೆಗಿದೆ ಎಂಬುದನ್ನೇ. ತಿಳಿದೂ ಹೇಳದಿದ್ದರೆ ತಲೆ ಸಿಡಿಯುವುದು. ಹೇಳಿದರೆ ಮೌನ ಮುರಿದು ಹೆಣ ಮರಕ್ಕೆ ಮರಳುವುದು. ಶ್ರಮ ವ್ಯರ್ಥವಾದರೂ ರಾಜನು ಸತ್ಯವನ್ನು ನುಡಿಯುತ್ತಾನೆ.

ಈ ಕಥೆಗಳ ಸಚಿತ್ರ ಆವೃತ್ತಿಗಳಿಗೂ ತಮ್ಮದೇ ಚರಿತ್ರೆಯಿದೆ. ರಿಚರ್ಡ್ ಬರ್ಟನ್ ಇವುಗಳಲ್ಲಿ ಹನ್ನೊಂದನ್ನು ಇಂಗ್ಲಿಷಿನಲ್ಲಿ ಹೇಳಿ, ಅರ್ನೆಸ್ಟ್ ಗ್ರಿಸೆಟ್ ಬರೆದ ಚಿತ್ರಗಳೊಡನೆ 1870ರಲ್ಲಿ ಪ್ರಕಟಿಸಿದನು; ಆ ಪುಸ್ತಕವನ್ನು ಸಂಗ್ರಾಹಕರು ಇಂದಿಗೂ ಅರಸುತ್ತಾರೆ. ಕನ್ನಡಿಗರಿಗಾದರೋ ಬೇತಾಳನೆಂದರೆ ‘ಚಂದಮಾಮ’. 1947ರಲ್ಲಿ ತೆಲುಗು, ತಮಿಳುಗಳಲ್ಲಿ ಹುಟ್ಟಿದ ಆ ಮಾಸಪತ್ರಿಕೆ 1949ರಿಂದ ಕನ್ನಡದಲ್ಲಿಯೂ ಬಂದಿತು. ಖಡ್ಗ ಹಿಡಿದು ಹೆಣ ಹೊತ್ತು ನಡೆಯುವ ವಿಕ್ರಮನನ್ನು ಚಿತ್ರಿಸಿದವರು, 2020ರಲ್ಲಿ ನಿಧನರಾದ ಕಲಾವಿದ ಶಂಕರ್. ಪತ್ರಿಕೆ 2013ರಲ್ಲಿ ನಿಂತುಹೋಯಿತು. ಅದರ ಹಳೆಯ ಸಂಚಿಕೆಗಳು ಮನೆಯ ಅಟ್ಟದಲ್ಲಿದ್ದರೆ, ಬಂಧುಗಳೇ, ದಯಮಾಡಿ ರದ್ದಿಗೆ ಹಾಕಬೇಡಿರಿ. ಬೈಂಡು ಮಾಡಿಸಿ ಇಡಿರಿ.

ನಮ್ಮ ಪಿರಿಯಾಪಟ್ಟಣ ಸೀಮೆಯವರಿಗೆ ಇದರಲ್ಲಿ ಇನ್ನೊಂದು ಸ್ವಾರಸ್ಯವುಂಟು. 1960ರ ದಶಕದ ಆರಂಭದಿಂದ ಬೈಲಕುಪ್ಪೆಯಲ್ಲಿ ನೆಲೆಸಿರುವ ಟಿಬೆಟನ್ನರ ಪರಂಪರೆಯಲ್ಲಿಯೂ ಹೆಣದ ಕಥೆಗಳಿವೆ. ಭಾರತದಿಂದ ಹಿಮಾಲಯ ದಾಟಿಹೋದ ಬೇತಾಳನೇ ಅಲ್ಲಿ ಬೇರೆ ರೂಪ ತಾಳಿದ್ದಾನೆ. ಅಲ್ಲಿ ರಾಜನಿಲ್ಲ, ಗುರು ನಾಗಾರ್ಜುನನ ಆಜ್ಞೆಯಂತೆ ಹೆಣವನ್ನು ಹೊತ್ತು ತರುವ ಯುವಕನಿದ್ದಾನೆ. ದಾರಿಯಲ್ಲಿ ಮಾತನಾಡಕೂಡದು. ಆದರೆ ಕಥೆಯ ಸೊಗಸಿಗೆ ಮೈಮರೆತು ಅವನು ಉದ್ಗರಿಸಿದೊಡನೆ ಹೆಣ ಹಾರಿಹೋಗುತ್ತದೆ! ನಮ್ಮ ಕಥೆ ನ್ಯಾಯಬುದ್ಧಿಯನ್ನು ಪರೀಕ್ಷಿಸಿದರೆ, ಅವರ ಕಥೆ ನಾಲಗೆಯ ಹತೋಟಿಯನ್ನು ಪರೀಕ್ಷಿಸುತ್ತದೆ. ಒಂದೇ ಬೀಜದ ಎರಡು ಮರಗಳು ಈಗ ಒಂದೇ ತಾಲ್ಲೂಕಿನಲ್ಲಿ ನಿಂತಿರುವುದು ಸೋಜಿಗವಲ್ಲವೆ?

ಅಪರೂಪದ ಪುಸ್ತಕವನ್ನು ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದರೆ ಅದೂ ಒಂದು ಹೆಣವೇ ಸರಿ. ವಾರಕ್ಕೊಂದು ಸಂಜೆ ಅದನ್ನು ತೆರೆದು ಮಕ್ಕಳಿಗೆ ಓದಿ ಹೇಳಿರಿ, ಚಿತ್ರ ತೋರಿಸಿರಿ. ಬೇತಾಳನ ಪ್ರಶ್ನೆ ಬಂದಾಗ ಪುಟ ಮಗುಚದೆ ನಿಲ್ಲಿಸಿರಿ. ಉತ್ತರವನ್ನು ಮೊದಲು ಮಕ್ಕಳೇ ಹೇಳಲಿ.